ನಡುರಾತ್ರಿ ನೆಲದ ಹತ್ತಿರ ಉಷ್ಣತೆ ಏಕಾಏಕಿ ಏರಿದರೆ: ಕೃಷಿ ಹವಾಮಾನ ತಜ್ಞರಿಗೆ ಪ್ರಶ್ನೆಗಳು

ಇಂಡಿ ದ್ರಾಕ್ಷಿ: ಸರ್, ತೋಟದ ಪಕ್ಕದ ಬರಿನೆಲದಲ್ಲಿ ಒಂದೇ ಕಂಬಕ್ಕೆ ಸೆನ್ಸರ್‌ ಕಟ್ಟಿದೀವಿ. ರಾತ್ರಿ 2.10ಕ್ಕೆ ಮಣ್ಣಿನ ಮೇಲೆ 13.0, 30 ಸೆಂ.ಮೀ. ಎತ್ತರದಲ್ಲಿ 11.8, 1.2 ಮೀಟರಿಗೆ 13.1, 3 ಮೀಟರಿಗೆ 15.2 ಡಿಗ್ರಿ. 2.25ಕ್ಕೆ ನೋಡಿದ್ರೆ 30 ಸೆಂ.ಮೀ.ನದು 14.2! ಮೂರಕ್ಕೆ ಮತ್ತೆ 12. ಸೆನ್ಸರ್ ಕೆಟ್ಟಿದೆಯಾ?

ತಜ್ಞರು: 2.25ಕ್ಕೆ 3 ಮೀಟರಿನದು ಎಷ್ಟಿತ್ತು? ಗಾಳಿ?

ಇಂಡಿ ದ್ರಾಕ್ಷಿ: 14.6. ಗಾಳಿ ಸೊನ್ನೆಯಿಂದ ಸೆಕೆಂಡಿಗೆ 2 ಮೀಟರಿಗೆ ಹೋಗಿತ್ತು.

ತಜ್ಞರು: ಸೆನ್ಸರ್ ಸರಿಯಾಗಿದೆ. ಕೆಳಗಿನದು ಏರುವಾಗ ಮೇಲಿನದು ಇಳಿದಿದೆ ನೋಡಿ, ಅದೇ ಸಾಕ್ಷಿ. ಮೋಡವಿಲ್ಲದ, ಗಾಳಿ ನಿಂತ ರಾತ್ರಿ ನೆಲ ಶಾಖ ಚೆಲ್ಲಿ ತಣ್ಣಗಾಗುತ್ತೆ; ತಣ್ಣನೆ ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ ಪದರಪದರವಾಗಿ ಕೂರುತ್ತೆ. ಒಂದು ಸಣ್ಣ ಗಾಳಿ ಬಂದು ಎರಡನ್ನೂ ಕಲಕಿತು. ಗಾಳಿ ನಿಂತ ಮೇಲೆ ಪದರ ಮತ್ತೆ ಕಟ್ಟಿತು, ಅದಕ್ಕೇ ಮೂರಕ್ಕೆ 12. ಮೋಡ ಬಂದಿದ್ದರೆ ಎಲ್ಲ ಎತ್ತರದಲ್ಲೂ ನಿಧಾನವಾಗಿ ಏರುತ್ತಿತ್ತು, ಗಾಳಿ ಬೇಕಿರಲಿಲ್ಲ.

ಒಂದು ಎಚ್ಚರಿಕೆ. ತೆರೆದಿಟ್ಟ ಸೆನ್ಸರ್ ತಾನೂ ಆಕಾಶಕ್ಕೆ ಶಾಖ ಚೆಲ್ಲುತ್ತೆ, ನಿಂತ ಗಾಳಿಯಲ್ಲಿ ಅರ್ಧ-ಒಂದು ಡಿಗ್ರಿ ಕಡಿಮೆ ತೋರಿಸಬಹುದು. ಗಾಳಿ ಬೀಸಿದಾಗ ನಿಜಕ್ಕೆ ಹತ್ತಿರ ಬರುತ್ತೆ. ನಿಮ್ಮಲ್ಲಿ 11.8ರಿಂದ 14.2ಕ್ಕೆ ಏರಿದ 2.4 ಡಿಗ್ರಿಯಲ್ಲಿ ಅಷ್ಟು ಅದರದೇ ಇರಬಹುದು. ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಂಥ ಬಿಳಿ ಕವಚ ಹಾಕಿ.

ಇನ್ನು, ಮಣ್ಣಿಗಿಂತ 30 ಸೆಂ.ಮೀ. ಮೇಲೆ ಹೆಚ್ಚು ತಂಪಿದೆಯಲ್ಲ, ಅದನ್ನು ತಪ್ಪು ಅಂತ ಅಳಿಸಬೇಡಿ! 1932ರಲ್ಲಿ ಹವಾಮಾನ ವಿಜ್ಞಾನಿ ಎಲ್.ಎ. ರಾಮದಾಸ್ ಇದನ್ನೇ ಪ್ರಕಟಿಸಿದಾಗ ಅಳತೆಯ ದೋಷ ಅಂದವರೇ ಹೆಚ್ಚು. ಈಗ ಅದಕ್ಕೆ ರಾಮದಾಸ್ ಪದರ ಅಂತಲೇ ಹೆಸರು. ವಿಜ್ಞಾನಿ ರೊದ್ದಂ ನರಸಿಂಹ ಮತ್ತು ಜೊತೆಗಾರರು ಬೆಂಗಳೂರಿನಲ್ಲಿ ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. ದಯವಿಟ್ಟು ಒಂದೊಂದು ನಿಮಿಷದ ಲಾಗ್ (ಅಳತೆಯ ದಾಖಲೆ) ಇಡಿ. 15 ನಿಮಿಷಕ್ಕೊಮ್ಮೆ ಬರೆದರೆ ಏರಿದ ಕ್ಷಣವೇ ತಪ್ಪಿಹೋಗುತ್ತೆ.

ಚಿಂತಾಮಣಿ ಟೊಮೆಟೊ: ನಮ್ಮದು ರಾತ್ರಿ ಒಂದಕ್ಕೆ 85.0 ತೋರಿಸ್ತು ಸರ್!

ತಜ್ಞರು: ಉಷ್ಣತೆ ಅಳೆಯುವ ಡಿಎಸ್18ಬಿ20 ಚಿಪ್ ತಾನೆ? 85 ಅಂದ್ರೆ ಅದು ಆನ್ ಆದಾಗ, ಇನ್ನೂ ಅಳೆಯುವ ಮೊದಲೇ ತೋರಿಸುವ ಅಂಕಿ. ಕರೆಂಟ್ ಕುಸಿದಿದೆ, ಅಥವಾ ಅಳತೆ ಮುಗಿಯಲು ಬೇಕಾದ 750 ಮಿಲಿಸೆಕೆಂಡ್ ಕಾಯದೆ ಓದಿದ್ದೀರಿ. ಸಪ್ಲೈ, 4.7 ಕಿಲೋಓಮ್ ರೆಸಿಸ್ಟರ್ ನೋಡಿ.

ಬೀದರ್ ತೊಗರಿ: ನೆಲ ರಾತ್ರಿ ಬಿಸಿಯಾದ್ರೆ ಭೂಕಂಪದ ಮುನ್ಸೂಚನೆ ಅಂತ ಮೆಸೇಜ್ ಬಂದಿದೆ. ನಿಜವೇ?

ತಜ್ಞರು: ಸುಳ್ಳು. ಮುಂದಕ್ಕೆ ಕಳಿಸಬೇಡಿ.

ಟೆಕ್ಸಾಸ್ ಕನ್ನಡಿಗ: ಇಲ್ಲಿ ಗುಡುಗು ನಿಂತ ಮೇಲೆ ರಾತ್ರಿ ಹೊತ್ತು ಬಿಸಿಗಾಳಿ ನುಗ್ಗುತ್ತೆ. ಇದೂ ಅದೇನಾ?

ತಜ್ಞರು: ಅಲ್ಲ, ಅದು ಹೀಟ್ ಬರ್ಸ್ಟ್. ಸಾಯುತ್ತಿರುವ ಗುಡುಗುಮೋಡದ ಮಳೆ ಮೇಲೆಯೇ ಆವಿಯಾಗಿ, ತಂಪಾಗಿ ಭಾರವಾದ ಗಾಳಿ ಕೆಳಗೆ ಬೀಳುತ್ತೆ. ಹನಿ ಮುಗಿದ ಮೇಲೂ ರಭಸಕ್ಕೆ ಇಳಿಯುತ್ತಲೇ ಕಿಲೋಮೀಟರಿಗೆ ಸುಮಾರು 9.8 ಡಿಗ್ರಿ ಬಿಸಿಯಾಗುತ್ತೆ. 2011ರ ಜೂನ್ 9ರಂದು ಕಾನ್ಸಾಸ್‌ನ ವಿಚಿಟಾದಲ್ಲಿ ನಡುರಾತ್ರಿ ಕಳೆದ ಮೇಲೆ 20 ನಿಮಿಷದಲ್ಲಿ 29ರಿಂದ 39 ಡಿಗ್ರಿಗೆ ಏರಿತು. ಗುರುತು: ಡ್ಯೂ ಪಾಯಿಂಟ್ (ಗಾಳಿಯ ತೇವ ಇಬ್ಬನಿಯಾಗತೊಡಗುವ ಉಷ್ಣತೆ) ಧಡಾರನೆ ಬೀಳುತ್ತೆ, ಗಾಳಿ ಜೋರಾಗುತ್ತೆ.

ಬೀದರ್ ತೊಗರಿ: ಆದ್ರೆ ಸರ್, ಮೆಸೇಜಲ್ಲಿ ವಿಜ್ಞಾನಿಗಳೇ ಹೇಳಿದಾರೆ ಅಂತಿದೆ...

ತಜ್ಞರು: ಉತ್ತರ ಕೊಟ್ಟಾಗಿದೆ.

ಊಟಿ ತರಕಾರಿ: ಇಬ್ಬನಿ ಹೆಪ್ಪುಗಟ್ಟದಂತೆ ಟೈರ್ ಸುಟ್ಟು ಹೊಗೆ ಹಾಕಿ ಅಂತ ಫಾರ್ವರ್ಡ್ ಬಂದಿದೆ. ಇವತ್ತೇ ಮಾಡ್ಲಾ?

ತಜ್ಞರು: ಬೇಡ. ಹೊಗೆಯ ಕಣ ತೀರಾ ಸಣ್ಣ, ನೆಲದಿಂದ ಹೊರಡುವ ಶಾಖವನ್ನು ಅದು ತಡೆಯಲ್ಲ. ನಿಮ್ಮ ಎದೆ ಹಾಳಾಗುತ್ತೆ, ಅಷ್ಟೆ. ಈ ಫಾರ್ವರ್ಡ್‌ಗೆ ಇದು ಮೂರನೇ ಸಲ ಉತ್ತರ ಕೊಡ್ತಿರೋದು.

ಮಡಿಕೇರಿ ಕಾಫಿ: ಹಿರಿಯರು ಬೆಂಕಿ ಹಾಕಿ ಬೆಳೆ ಉಳಿಸಿಲ್ವಾ? ಸುಮ್ನೆ ಹಳೇದನ್ನೆಲ್ಲ ತಳ್ಳಿಹಾಕೋದಾ?

ಇಂಡಿ ದ್ರಾಕ್ಷಿ: ಅವರು ಹಾಕಿದ್ದು ಬೆಂಕಿ, ನೀವು ಹೇಳ್ತಿರೋದು ಹೊಗೆ.

ಮಡಿಕೇರಿ ಕಾಫಿ: ಬೆಂಕಿ ಇಲ್ಲದೆ ಹೊಗೆ ಬರುತ್ತಾ? ನಿಮ್ಮ ನಾಲ್ಕು ಸೆನ್ಸರ್ ಇಟ್ಕೊಂಡು ಎಲ್ಲರಿಗೂ ಪಾಠ ಮಾಡ್ಬೇಡಿ.

ತಜ್ಞರು: ಕೆಲಸ ಮಾಡಿದ್ದು ಶಾಖ. ಅದೂ ಹೊಲದ ತುಂಬ ಸಣ್ಣ ಸಣ್ಣ ಬೆಂಕಿ ಇಟ್ಟರೆ. ಒಂದೇ ದೊಡ್ಡ ಬೆಂಕಿ ಬೆಚ್ಚನೆ ಪದರವನ್ನು ತೂತು ಮಾಡಿ ಮೇಲೇರುತ್ತೆ, ಸುತ್ತಲಿನ ತಣ್ಣನೆ ಗಾಳಿ ಬುಡಕ್ಕೆ ನುಗ್ಗುತ್ತೆ. ಊಟಿಯವರೇ, ಸ್ಪ್ರಿಂಕ್ಲರ್ ಇದ್ದರೆ ಸೊನ್ನೆಗೆ ಇಳಿಯುವ ಮೊದಲೇ ಶುರುಮಾಡಿ, ಬೆಳಗ್ಗೆ ಹಿಮ ಕರಗುವ ತನಕ ನಿಲ್ಲಿಸಬೇಡಿ. ಮಧ್ಯದಲ್ಲಿ ನಿಲ್ಲಿಸಿದರೆ ಒದ್ದೆ ಎಲೆ ಆವಿಯಾಗುತ್ತಾ ಇನ್ನೂ ತಣ್ಣಗಾಗಿ, ನೀರೇ ಹಾಕದ್ದಕ್ಕಿಂತ ಹೆಚ್ಚು ಹಾನಿ. ರಾತ್ರಿಯಿಡೀ ಸಾಲುವಷ್ಟು ನೀರು, ಡೀಸೆಲ್ ಇಲ್ಲದಿದ್ದರೆ ಶುರುವೇ ಮಾಡಬೇಡಿ.

ಹಿರಿಯೂರು ದಾಳಿಂಬೆ: ಸರ್, ಸೋಲಾರ್ ಲಾಗರ್ ಯಾವುದು ಒಳ್ಳೇದು?

ಮಡಿಕೇರಿ ಕಾಫಿ: ಅಂದ್ರೆ ಸಣ್ಣ ಬೆಂಕಿ ಸರಿ ಅಂತ ನೀವೇ ಒಪ್ಕೊಂಡ್ರಿ.

ತಜ್ಞರು: ಸೌದೆಬೆಂಕಿ ಅಂದೆ. ಟೈರ್ ಅಲ್ಲ.

ಹಿರಿಯೂರು ದಾಳಿಂಬೆ: ಸರ್? ಲಾಗರ್?

ಬೀದರ್ ತೊಗರಿ: ಭೂಕಂಪದ್ದು ಇನ್ನೊಂದು ಗ್ರೂಪಲ್ಲೂ ಬಂತು ಸರ್, ಇಲ್ಲಿ ಹಾಕ್ಲಾ?

ತಜ್ಞರು: ಹಾಕಿದರೆ ಅಳಿಸುತ್ತೇನೆ. ಇಂಡಿಯವರೇ, ಇವತ್ತು ರಾತ್ರಿಯ ಲಾಗ್ ನಾಳೆ ಬೆಳಗ್ಗೆ ಕಳಿಸಿ, ಮಣ್ಣಿನ ಸೆನ್ಸರ್ ಮೇಲೆಯೇ ಇದೆಯಾ, ಹುಗಿದಿದ್ದರೆ ಎಷ್ಟು ಆಳಕ್ಕೆ ಅಂತಲೂ ಬರೆಯಿರಿ.