18 ಯೂನಿಟ್ ದಾಟಿದ್ದಕ್ಕೆ ಹೆಚ್ಚುವರಿ ಫೀಸು, ಸಹಾಯ ಬೇಕು

ಅಮೆರಿಕದ ಕಾಲೇಜು ಫೀಸಿನ ಲೆಕ್ಕ ಗೊತ್ತಿರೋರು ದಯವಿಟ್ಟು ನೋಡಿ. ನಮ್ಮ ಕಾಲೇಜಲ್ಲಿ 12ರಿಂದ 18 ಯೂನಿಟ್‌ವರೆಗೆ (ಯೂನಿಟ್ ಅಂದ್ರೆ ಕೋರ್ಸಿನ ಕ್ರೆಡಿಟ್ ಲೆಕ್ಕ) ಒಂದೇ ಫೀಸು, ಮೇಲಿನ ಪ್ರತಿ ಯೂನಿಟ್‌ಗೂ ಬೇರೆ ದುಡ್ಡು. ಐದು ಕೋರ್ಸಿಗೆ ಸರಿಯಾಗಿ 18 ಇತ್ತು. ಕೆಮಿಸ್ಟ್ರಿ ಲ್ಯಾಬ್ 1 ಯೂನಿಟ್ ಅಂತ ಬೇರೆ ಸಾಲಲ್ಲಿ ಬಂದು 19 ಆಯ್ತು. ಥಿಯರಿ ಬಿಡದೆ ಲ್ಯಾಬ್ ಮಾತ್ರ ಬಿಡೋಕೆ ಆಗಲ್ಲ.

ಅಡ್ವೈಸರ್ ಸಹಿ ಸಿಕ್ಕಿದೆ, ಆದ್ರೆ ಅದು ಹೆಚ್ಚು ಯೂನಿಟ್ ತಗೊಳ್ಳೋಕೆ ಅನುಮತಿ ಅಷ್ಟೆ, ಫೀಸು ಮನ್ನಾ ಅಲ್ಲ. ಪೆಲ್ ಗ್ರಾಂಟ್ (ಕಡಿಮೆ ಆದಾಯದ ವಿದ್ಯಾರ್ಥಿಗಳಿಗೆ ಅಮೆರಿಕ ಸರ್ಕಾರ ಕೊಡೋ ನೆರವು) 12 ಯೂನಿಟ್‌ಗೇ ಪೂರ್ತಿ, 19ಕ್ಕೆ ಏರಲ್ಲ. ಫೀಸು ಆಫೀಸು ರಿಜಿಸ್ಟ್ರಾರ್ ಕಡೆ ಕೈ ತೋರಿಸುತ್ತೆ, ಅವರು ವಾಪಸ್ ಇವರ ಕಡೆ.

ಗೊಂದಲ ಇಷ್ಟೇ: ಡ್ರಾಪ್ ಮಾಡೋ ಕೊನೇ ದಿನದೊಳಗೆ 3 ಯೂನಿಟ್‌ನ ಒಂದು ಕೋರ್ಸನ್ನ ಆಡಿಟ್‌ಗೆ (ಕ್ಲಾಸಿಗೆ ಕೂರೋದು, ಆದ್ರೆ ಕ್ರೆಡಿಟ್ ಸಿಗಲ್ಲ) ಬದಲಾಯಿಸಿದ್ರೆ ಕ್ರೆಡಿಟ್ 16 ಆಗುತ್ತೆ. ನಿಮ್ಮ ಕಾಲೇಜಲ್ಲಿ ಬಿಲ್ಲಿಗೆ 16 ಹಿಡಿದ್ರಾ, 19 ಹಿಡಿದ್ರಾ?