ಸಹಾಯ ಬೇಕು: ಅಂಗಡಿ ಗಾಜಿನ ಒಳಗಡೆ ನೀರು ಇಳಿಯುತ್ತಿದೆ

ನಮಸ್ಕಾರ. ಚಳಿ ಶುರುವಾದಾಗಿನಿಂದ ಬೆಳಗ್ಗೆ ಅಂಗಡಿ ತೆಗೆಯುವಾಗ ಮುಂದಿನ ಗಾಜಿನ ಒಳಗಡೆ ಪೂರ್ತಿ ಮಂಜು ಕಟ್ಟಿರುತ್ತದೆ. ಹನಿಗಳು ಇಳಿದು ಕೆಳಗಿನ ಮರದ ಚೌಕಟ್ಟಿನಲ್ಲಿ ನಿಲ್ಲುತ್ತವೆ. ಮೂಲೆಯಲ್ಲಿ ಬಣ್ಣ ಉಬ್ಬಿ ಕಪ್ಪು ಬೂಷ್ಟು ಬಂದಿದೆ. ಗಾಜಿನ ಹತ್ತಿರ ಜೋಡಿಸಿದ್ದ ಪುಸ್ತಕಗಳ ರಟ್ಟು ಸೊಟ್ಟಗಾಗಿದೆ, ನೋಡಿದರೆ ಸಂಕಟವಾಗುತ್ತದೆ.

ದಿನಾ ಒರೆಸುತ್ತೇನೆ, ಮರುದಿನ ಮತ್ತೆ ಅದೇ. ಗ್ಯಾಸ್ ಹೀಟರ್ ಉರಿದರೆ ನೀರಾವಿ ಬರುತ್ತದೆ ಅಂತ ತಿಳಿದು ಅದನ್ನೂ ನಿಲ್ಲಿಸಿದೆ. ಸಾಮಾನನ್ನು ಗಾಜಿನಿಂದ ಒಂದು ಗೇಣು ಹಿಂದೆ ಸರಿಸಿದ ಮೇಲೆ ಸ್ವಲ್ಪ ಕಡಿಮೆಯಾಯ್ತು, ಅಷ್ಟೇ. ತೇವಾಂಶದ ಮೀಟರ್ ರಾತ್ರಿ 70% ತೋರಿಸುತ್ತದೆ.

ನನಗೆ ಗೊಂದಲ ಇಷ್ಟು: ವೆಂಟಿಲೇಟರ್ ತೆರೆದಿಟ್ಟರೆ ಆವಿ ಹೊರಗೆ ಹೋಗುತ್ತದೆ, ಆದರೆ ಗಾಜು ಇನ್ನೂ ತಣ್ಣಗಾಗುತ್ತದೆ ಅಲ್ವಾ? ರಾತ್ರಿ ತೆರೆದಿಡಲಾ, ಮುಚ್ಚಲಾ? ಗಾಜಿನ ಬುಡದಲ್ಲಿ ಸಣ್ಣ ಫ್ಯಾನ್ ಇಟ್ಟರೆ ಸಾಕಾ, ಇಲ್ಲಾ ಡಬಲ್ ಗಾಜೇ ಹಾಕಿಸಬೇಕಾ?