ತಮ್ಮ ಜೈಲಿನಲ್ಲಿದ್ದಾನೆ, ಮೇಲ್ಮನವಿಗೆ ದುಡ್ಡಿಲ್ಲ

ಪ್ರಶ್ನೆ (ಮದ್ದೂರು ತಾಲ್ಲೂಕಿನಿಂದ): ವಕೀಲರೇ, ಹೊಡೆದಾಟದ ಪ್ರಕರಣದಲ್ಲಿ ಮಂಡ್ಯದ ಸೆಷನ್ಸ್ ನ್ಯಾಯಾಲಯ ನನ್ನ ತಮ್ಮನಿಗೆ 5 ವರ್ಷ ಶಿಕ್ಷೆ ವಿಧಿಸಿದೆ. ಈಗ ಮೈಸೂರು ಜೈಲಿನಲ್ಲಿದ್ದಾನೆ. ತೀರ್ಪಾಗಿ 70 ದಿನವಾಯಿತು. ಕೇಸು ನಡೆಸಿದವರು ಬಾಕಿ ಫೀಸು ಕೊಡುವ ತನಕ ಕಡತ ಕೊಡುವುದಿಲ್ಲ ಎನ್ನುತ್ತಾರೆ. ಕಬ್ಬಿನ ಹಣ ಇನ್ನೂ ಕೈಗೆ ಬಂದಿಲ್ಲ. ಹೈಕೋರ್ಟಿಗೆ ಹೋದರೆ ಶಿಕ್ಷೆ ಹೆಚ್ಚಾಗುತ್ತದೆ, ಸುಮ್ಮನಿರು ಎಂದು ನಮ್ಮ ಮಾವ ಹೆದರಿಸುತ್ತಾರೆ. ಏನು ಮಾಡಲಿ?

ಉತ್ತರ (ವಕೀಲರು, ಮೈಸೂರು): ಫೀಸು ಬಾಕಿಯೆಂದು ವಕೀಲರು ಕಡತ ಹಿಡಿದಿಟ್ಟುಕೊಳ್ಳುವಂತಿಲ್ಲ, 2000ದಲ್ಲೇ ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ. ಆದರೆ ಆ ಜಗಳಕ್ಕೆ ಈಗ ಇಳಿಯಬೇಡಿ. ನಿಮಗೆ ತುರ್ತಾಗಿ ಬೇಕಾದದ್ದು ತೀರ್ಪಿನ ನಕಲು. ಸೆರೆವಾಸದ ಶಿಕ್ಷೆಯಾದವರಿಗೆ ಅದನ್ನು ಕೂಡಲೇ ಉಚಿತವಾಗಿ ಕೊಡಬೇಕು. ತಮ್ಮನ ಬಳಿಯೇ ಇರಬಹುದು, ಭೇಟಿಗೆ ಹೋದಾಗ ಕೇಳಿ.

ಮೇಲ್ಮನವಿಗೆ ನೀವು ಬೆಂಗಳೂರಿಗೆ ಓಡಬೇಕಾಗಿಲ್ಲ. ಅವನು ಅರ್ಜಿಯನ್ನು ಜೈಲಿನ ಅಧಿಕಾರಿಯ ಕೈಗೆ ಕೊಟ್ಟರೆ ಅವರೇ ಹೈಕೋರ್ಟಿಗೆ ಕಳುಹಿಸಬೇಕು. ಉಚಿತ ವಕೀಲರನ್ನು ಕೇಳಿ ಕಾನೂನು ಸೇವಾ ಪ್ರಾಧಿಕಾರಕ್ಕೂ ಜೈಲಿನಿಂದಲೇ ಅರ್ಜಿ ಹಾಕಬಹುದು. ಬಂಧನದಲ್ಲಿರುವವರಿಗೆ ಆದಾಯದ ಮಿತಿಯಿಲ್ಲ, ಆದಾಯ ಪತ್ರಕ್ಕಾಗಿ ತಹಶೀಲ್ದಾರರ ಕಚೇರಿಗೆ ಅಲೆಯುವುದು ತಪ್ಪಿತು! ಇದು ಯಾರೋ ಕರುಣೆಯಿಂದ ಕೊಡುವುದಲ್ಲ. ನಕಲು ಮತ್ತು ಮೇಲ್ಮನವಿಗೆ ವಕೀಲರ ನೆರವು ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯಲ್ಲೇ ಅಡಗಿವೆ ಎಂದು 1978ರ ಹೊಸ್ಕೋಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ.

ಗಡುವು 60 ದಿನ. ನಕಲು ಪಡೆಯಲು ತಗುಲಿದ ಸಮಯ ಆ ಲೆಕ್ಕಕ್ಕೆ ಸೇರುವುದಿಲ್ಲ. ಉಳಿದ ವಿಳಂಬವನ್ನು ಮನ್ನಿಸುವಂತೆ ಕಾರಣ ಬರೆದು ಕೇಳಬಹುದು. ಕಡತ ಸಿಗಲಿಲ್ಲ, ಹಣವಿರಲಿಲ್ಲ ಎಂದು ಇದ್ದದ್ದನ್ನೇ ಬರೆಯಿರಿ.

ಮಾವನವರಿಗೆ ಹೇಳಿ: ಅಪರಾಧಿ ಹಾಕಿದ ಮೇಲ್ಮನವಿಯಲ್ಲಿ ಶಿಕ್ಷೆ ಹೆಚ್ಚಿಸಲು ಅವಕಾಶವಿಲ್ಲ. ಶಿಕ್ಷೆ ಸಾಲದೆಂದು ಸರ್ಕಾರ ಪ್ರತ್ಯೇಕವಾಗಿ ಮೇಲ್ಮನವಿ ಹಾಕಿದರೆ ಮಾತು ಬೇರೆ. ಆಗಲೂ ನಿಮ್ಮ ತಮ್ಮನ ಮಾತು ಕೇಳಲೇಬೇಕು, ಅವನು ಬಿಡುಗಡೆಯನ್ನೇ ಕೋರಬಹುದು.

ಮೇಲ್ಮನವಿ ಹಾಕಿದ ಮಾತ್ರಕ್ಕೆ ಹೊರಗೆ ಬರುವುದಿಲ್ಲ. ಶಿಕ್ಷೆ ಅಮಾನತಿನಲ್ಲಿಟ್ಟು ಜಾಮೀನು ಕೊಡಿ ಎಂಬ ಅರ್ಜಿಯೂ ಜೊತೆಗಿರಲಿ.

ಇನ್ನೊಬ್ಬರ ಪ್ರಶ್ನೆ: ಆ ಉಚಿತ ವಕೀಲರು ವಿಚಾರಣೆಯ ದಿನ ಬಾರದಿದ್ದರೆ?

ಉತ್ತರ: ಒಳ್ಳೆಯ ಅನುಮಾನ. ವಕೀಲರು ಬರಲಿಲ್ಲವೆಂಬ ಒಂದೇ ಕಾರಣಕ್ಕೆ ಮೇಲ್ಮನವಿ ವಜಾ ಮಾಡುವಂತಿಲ್ಲ, ದಾಖಲೆ ನೋಡಿಯೇ ತೀರ್ಮಾನಿಸಬೇಕು ಎಂದು ಸುಪ್ರೀಂ ಕೋರ್ಟಿನ 1996ರ ಬಾನಿ ಸಿಂಗ್ ತೀರ್ಪು ಹೇಳುತ್ತದೆ. ಅವರಿಲ್ಲದೆಯೇ ತೀರ್ಮಾನ ಆಗಿಬಿಡಲೂಬಹುದು, ಎಚ್ಚರ! ಆದ್ದರಿಂದ ಪ್ರಕರಣದ ಸಂಖ್ಯೆ ಬರೆದಿಟ್ಟುಕೊಂಡು ದಿನಾಂಕವನ್ನು ಮೊಬೈಲಿನಲ್ಲಿ ನೀವೇ ನೋಡುತ್ತಿರಿ. ವಕೀಲರು ಸರಿಯಾಗಿ ನಡೆಸದಿದ್ದರೆ ಬೇರೆಯವರನ್ನು ಕೊಡಿ ಎಂದು ಪ್ರಾಧಿಕಾರವನ್ನು ಕೇಳಬಹುದು.

ಪ್ರಶ್ನೆ ಕೇಳಿದವರು: ಜೈಲಿಗೆ ಹೋಗಿ ಬಂದೆ. ನಕಲು ಅವನ ಬಳಿಯೇ ಇದೆ. ಮಡಿಸಿ ಚೀಲದಲ್ಲಿಟ್ಟುಕೊಂಡಿದ್ದಾನೆ, ಏನು ಕಾಗದವೆಂದು ಅವನಿಗೇ ಗೊತ್ತಿರಲಿಲ್ಲ.